ಯಂತ್ರವೂ ಒಂದು ಹಿಂಬರಹ ಕೊಡಲಿ

ಕನ್ನಡದಲ್ಲಿ ‘ಆಯ್ತು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಅಡುಗೆ ಆಯ್ತಾ ಎಂದು ಕೇಳಿದಾಗ ಬರುವ ‘ಆಯ್ತು’ ಕೆಲಸ ಮುಗಿದಿದೆ ಎಂದು ಹೇಳುತ್ತದೆ. ನಾಳೆ ಬಂದು ನಲ್ಲಿ ಸರಿಮಾಡಿಕೊಡಿ ಎಂದಾಗ ಪ್ಲಂಬರ್ ಹೇಳುವ ‘ಆಯ್ತು ಸಾರ್’ಗೆ ಆ ಅರ್ಥವಿಲ್ಲ. ನಿಮ್ಮ ಮಾತು ಕಿವಿಗೆ ಬಿತ್ತು, ಒಪ್ಪಿಕೊಂಡಿದ್ದೇನೆ ಎಂದಷ್ಟೇ ಅದರ ಅರ್ಥ. ನಲ್ಲಿ ಸೋರುವುದು ಅದರಿಂದ ನಿಲ್ಲುವುದಿಲ್ಲ. ಈ ಎರಡು ‘ಆಯ್ತು’ಗಳ ವ್ಯತ್ಯಾಸವನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ನಾವು ಅದನ್ನು ಮರೆಯುತ್ತೇವೆ. ಯಂತ್ರ ‘ಆಯ್ತು’ ಅಂದರೆ ಆಗಿಯೇ ಹೋಯಿತು ಎಂದುಕೊಳ್ಳುತ್ತೇವೆ.

ಈ ತಪ್ಪು ತಿಳಿವಳಿಕೆ ಬರಿಗಣ್ಣಿಗೆ ಕಾಣುವಷ್ಟು ಸ್ಪಷ್ಟವಾಗುವುದು ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಹೊರಟಾಗ. ಓವರ್‌ಕ್ಲಾಕ್ ಎಂದರೆ ಪ್ರೊಸೆಸರನ್ನು ತಯಾರಕರು ಗೊತ್ತುಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು. ಅದರ ಲೆಕ್ಕ ಸರಳ ಗುಣಾಕಾರ. ಈಗಿನ ಮದರ್‌ಬೋರ್ಡುಗಳಲ್ಲಿ 100 ಮೆಗಾಹರ್ಟ್ಸಿನ ಒಂದು ಮೂಲ ಗಡಿಯಾರವಿರುತ್ತದೆ. ಅದನ್ನು ಒಂದು ಗುಣಕದಿಂದ ಗುಣಿಸಿದರೆ ಬರುವುದೇ ಪ್ರೊಸೆಸರಿನ ವೇಗ. ಗುಣಕ 49 ಆದರೆ 4.9 ಗಿಗಾಹರ್ಟ್ಸ್, 50 ಆದರೆ 5. ಕಂಪ್ಯೂಟರ್ ಶುರುವಾಗುವಾಗ ಒಂದು ಕೀಲಿ ಒತ್ತಿ ಬಯೋಸ್ ಪರದೆಗೆ ಹೋಗುತ್ತೀರಿ. 49 ಇದ್ದಲ್ಲಿ 50 ಎಂದು ಬರೆಯುತ್ತೀರಿ, ಎಫ್10 ಒತ್ತುತ್ತೀರಿ. ಬದಲಾವಣೆ ಉಳಿಸಬೇಕೇ ಎಂದು ಯಂತ್ರ ಕೇಳುತ್ತದೆ, ಹೌದು ಎನ್ನುತ್ತೀರಿ. ವಿಂಡೋಸ್ ತೆರೆದುಕೊಳ್ಳುತ್ತದೆ. ಆದರೆ ವೇಗ ಮೊದಲಿದ್ದಷ್ಟೇ ಇರುತ್ತದೆ. ಎಲ್ಲೂ ಎಚ್ಚರಿಕೆಯಿಲ್ಲ, ದೋಷದ ಸಂದೇಶವಿಲ್ಲ. ಇನ್ನೊಮ್ಮೆ ಬಯೋಸಿಗೆ ಹೋಗಿ ನೋಡಿದರೆ ನೀವು ಬರೆದ 50 ಅಲ್ಲೇ ಕೂತಿರುತ್ತದೆ.

ಇದನ್ನು ಬಗೆಹರಿಸುವುದು ಕಷ್ಟವಲ್ಲ. ಹುಡುಕುವ ಕ್ರಮ ಗೊತ್ತಿದ್ದರೆ ಒಂದು ಸಂಜೆಯ ಕೆಲಸ. ಅದನ್ನು ಮುಂದೆ ಹೇಳುತ್ತೇನೆ. ಆದರೆ ನನ್ನ ತಕರಾರು ಇರುವುದು ಬೇರೆ ಕಡೆ. ಕೇಳಿದ್ದು ಯಾಕೆ ಆಗಲಿಲ್ಲ ಎಂಬುದು ಬಹಳಷ್ಟು ಸಲ ಯಂತ್ರಕ್ಕೆ ಗೊತ್ತಿರುತ್ತದೆ. ತನ್ನೊಳಗೆ ಅದನ್ನು ಬರೆದೂ ಇಟ್ಟುಕೊಂಡಿರುತ್ತದೆ. ಕೇಳಿದವರಿಗೆ ಮಾತ್ರ ಹೇಳುವುದಿಲ್ಲ. ಈ ಮೌನವನ್ನು ನಾವು ಸಹಜವೆಂದು ಒಪ್ಪಬಾರದು ಎಂಬುದು ಈ ಬರಹದ ವಾದ.

ಮೊದಲು ಹುಡುಕುವ ಕ್ರಮ. ವೇಗ ಏರಲಿಲ್ಲ ಎಂದು ನಿಮಗೆ ಹೇಳಿದವರು ಯಾರು? ಇದೇ ಮೊದಲ ಪ್ರಶ್ನೆಯಾಗಬೇಕು. ವಿಂಡೋಸಿನ ‘ಅಬೌಟ್’ ಪುಟದಲ್ಲಿ ಪ್ರೊಸೆಸರಿನ ಹೆಸರಿನ ಜೊತೆಗೇ ಒಂದು ಗಿಗಾಹರ್ಟ್ಸ್ ಅಂಕಿ ಕಾಣುತ್ತದೆ. ಹಲವು ಪ್ರೊಸೆಸರುಗಳಲ್ಲಿ ಅದು ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಬರೆದ ಹೆಸರಿನ ಭಾಗ. ನೀವು ಏನು ಮಾಡಿದರೂ ಅದು ಬದಲಾಗದು. ಟಾಸ್ಕ್ ಮ್ಯಾನೇಜರಿನಲ್ಲಿ ‘ಬೇಸ್ ಸ್ಪೀಡ್’ ಎಂದು ಕಾಣುವುದು ಮೂಲ ವೇಗ, ಈ ಗಳಿಗೆಯದಲ್ಲ. ಇನ್ನು ಕೆಲಸವಿಲ್ಲದಾಗ ಪ್ರೊಸೆಸರ್ ವಿದ್ಯುತ್ ಉಳಿಸಲು ತಾನೇ ಗುಣಕವನ್ನು ಇಳಿಸಿಕೊಳ್ಳುತ್ತದೆ. 5 ಗಿಗಾಹರ್ಟ್ಸಿಗೆ ಏರಿಸಿದ ಇಂಟೆಲ್ ಪ್ರೊಸೆಸರ್ ಖಾಲಿ ಕೂತಾಗ 800 ಮೆಗಾಹರ್ಟ್ಸ್ ತೋರಿಸಿದರೆ ಅದು ಹಾಳಾಗಿಲ್ಲ, ವಿಶ್ರಾಂತಿಯಲ್ಲಿದೆ. ಅದಕ್ಕೊಂದು ಭಾರವಾದ ಕೆಲಸ ಕೊಟ್ಟು, ಆ ಕೆಲಸ ನಡೆಯುತ್ತಿರುವಾಗಲೇ ಸಿಪಿಯು-ಝಡ್ ಅಥವಾ ಎಚ್‌ಡಬ್ಲ್ಯೂಇನ್ಫೋದಂಥ ತಂತ್ರಾಂಶದಲ್ಲಿ ಗುಣಕವನ್ನು ನೋಡಬೇಕು.

ಪರದೆಯ ಮೇಲಿನ ಅಂಕಿಯನ್ನು ವೇಗವೆಂದೇ ನಂಬುವ ಅಭ್ಯಾಸ ಹಳೆಯದು. 80ರ ದಶಕದ ಕೊನೆ ಮತ್ತು 90ರ ದಶಕದ ಕಂಪ್ಯೂಟರುಗಳನ್ನು ಕಂಡವರಿಗೆ ಪೆಟ್ಟಿಗೆಯ ಮುಂದಿನ ‘ಟರ್ಬೋ’ ಗುಂಡಿ ನೆನಪಿರಬಹುದು. 1981ರ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಅದಕ್ಕೆಂದೇ ಬರೆದ ಆಟಗಳು ಆಮೇಲಿನ ಯಂತ್ರಗಳಲ್ಲಿ ಆಡಲಾರದಷ್ಟು ಜೋರಾಗಿ ಓಡುತ್ತಿದ್ದವು, ಹಾಗಾಗಿ ಬೇಕೆಂದಾಗ ವೇಗ ಇಳಿಸಲು ಆ ಗುಂಡಿ. ಪಕ್ಕದಲ್ಲೇ ಹಸಿರು ಅಥವಾ ಕೆಂಪು ಅಕ್ಷರದಲ್ಲಿ 33, 66 ಎಂದು ಮೆಗಾಹರ್ಟ್ಸ್ ಹೊಳೆಯುತ್ತಿತ್ತು. ಅದು ಏನನ್ನೂ ಅಳೆಯುತ್ತಿರಲಿಲ್ಲ. ಯಂತ್ರ ಜೋಡಿಸಿದವರು ಹಿಂದಿನ ಪುಟ್ಟ ಜಂಪರುಗಳನ್ನು ಹೇಗೆ ಸಿಕ್ಕಿಸಿದ್ದರೋ ಆ ಅಂಕಿ ಬರುತ್ತಿತ್ತು. 99 ಬೇಕೆಂದರೆ 99. ಅದನ್ನು ನೋಡಿ ಖುಷಿಪಟ್ಟ ತಲೆಮಾರಿನ ಮಕ್ಕಳು ನಾವು. ಆದ್ದರಿಂದ ಅಂಕಿ ಎಲ್ಲಿಂದ ಬಂತು ಎಂದು ಕೇಳುವುದು ಅತಿ ಅನುಮಾನವಲ್ಲ.

ಅಳತೆ ಸರಿಯಿದೆ, ವೇಗ ನಿಜಕ್ಕೂ ಏರಿಲ್ಲ ಎಂದುಕೊಳ್ಳೋಣ. ಇಲ್ಲಿಂದ ಮುಂದೆ ಭಾಷಾಶಾಸ್ತ್ರದ ಒಂದು ವಿಚಾರ ನನಗೆ ಬಹಳ ಉಪಯೋಗಕ್ಕೆ ಬರುತ್ತದೆ. ಜೆ. ಎಲ್. ಆಸ್ಟಿನ್ ಎಂಬ ಆಕ್ಸ್‌ಫರ್ಡಿನ ದಾರ್ಶನಿಕ 1955ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳು, ಅವರು ತೀರಿಕೊಂಡ ಮೇಲೆ, 1962ರಲ್ಲಿ ಪುಸ್ತಕವಾದವು. ಕೆಲವು ಮಾತುಗಳು ಸುದ್ದಿ ಹೇಳುವುದಿಲ್ಲ, ಕೆಲಸವನ್ನೇ ಮಾಡುತ್ತವೆ ಎಂದರು ಅವರು. ‘ಸಭೆಯನ್ನು ಮುಕ್ತಾಯಗೊಳಿಸುತ್ತೇನೆ’ ಎಂದು ಅಧ್ಯಕ್ಷರು ಹೇಳಿದರೆ ಸಭೆ ಮುಗಿಯುತ್ತದೆ. ಅದೇ ಮಾತನ್ನು ಮೈಕು ಜೋಡಿಸುವ ಹುಡುಗ ಹೇಳಿದರೆ ಮುಗಿಯುವುದಿಲ್ಲ. ಮಾತು ಒಂದೇ, ಫಲ ಬೇರೆ. ಹೇಳಿದವರಿಗೆ ಅಧಿಕಾರವಿರಬೇಕು, ವಿಧಿ ಪೂರ್ತಿಯಾಗಬೇಕು, ಸಂದರ್ಭ ಹೊಂದಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮಾತು ಸಿಡಿಯದ ಪಟಾಕಿ. ಬಯೋಸಿನಲ್ಲಿ ಬರೆದ 50 ಕೂಡ ಇಂಥದೇ ಮಾತು. ಅದು ಠುಸ್ಸಾದರೆ ಈ ಮೂರನ್ನೇ ಒಂದೊಂದಾಗಿ ನೋಡುತ್ತ ಹೋಗಬೇಕು.

ಅಧಿಕಾರ ಮೊದಲು. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವಂಥವುಗಳಲ್ಲಿ ಗುಣಕಕ್ಕೆ ಬೀಗವಿರುವುದಿಲ್ಲ. ಆದರೆ ಅಷ್ಟೇ ಸಾಲದು, ಮದರ್‌ಬೋರ್ಡಿನ ಚಿಪ್‌ಸೆಟ್ ಕೂಡ ‘ಝಡ್’ ಸಾಲಿನದಾಗಿರಬೇಕು. ಕೋರ್ ಐ5-12600ಕೆ ಕೊಂಡು ಬಿ660 ಬೋರ್ಡಿನಲ್ಲಿ ಕೂರಿಸಿದರೆ ಪ್ರೊಸೆಸರಿಗೆ ಸ್ವಾತಂತ್ರ್ಯವಿದೆ, ಬೋರ್ಡಿನ ಅನುಮತಿಯಿಲ್ಲ. ಅದೇ ಬೋರ್ಡಿನಲ್ಲಿ ರ‍್ಯಾಮ್ ವೇಗವನ್ನು ಮಾತ್ರ ಏರಿಸಬಹುದು ಎಂಬುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎಎಂಡಿಯ ರೈಜೆನ್ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಬಹುತೇಕ ಎಲ್ಲದರ ಗುಣಕವೂ ಮುಕ್ತ. ಆದರೆ ಎ320, ಎ520 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕಿಗೆ ಅವಕಾಶವಿಲ್ಲ. ಬಿ450, ಬಿ550ಗಳಲ್ಲಿ ಇದೆ. ನಮ್ಮಲ್ಲಿ ಕಂಪ್ಯೂಟರನ್ನು ಭಾಗ ಭಾಗವಾಗಿ ಕೊಳ್ಳುವವರು ಇನ್ನೂ ಬೆಂಗಳೂರಿನ ಎಸ್.ಪಿ. ರೋಡ್, ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚೀ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸಿಗೆ ಹೋಗುತ್ತಾರೆ. ಅಲ್ಲಿ ಬೋರ್ಡಿಗೂ ಪ್ರೊಸೆಸರಿಗೂ ಹೊಂದಿಕೆಯಾಗುತ್ತದಾ ಎಂದು ಕೇಳಿದರೆ ಅಂಗಡಿಯವರು ಆಗುತ್ತದೆ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಸಾಕೆಟ್ ಹೊಂದುತ್ತದೆ, ಯಂತ್ರ ಶುರುವಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಬೋರ್ಡಿನಲ್ಲಿ ಗುಣಕ ಬದಲಾಯಿಸಬಹುದಾ? ಆ ಪ್ರಶ್ನೆ ಕೇಳಬೇಕೆಂದು ಗೊತ್ತಿಲ್ಲದವರು ‘ಕೆ’ ಅಕ್ಷರಕ್ಕೆಂದು ಹೆಚ್ಚಿಗೆ ಕೊಟ್ಟ ಹಣ ವ್ಯರ್ಥ.

ಎರಡನೆಯದು, ವಿಧಿ ಪೂರ್ತಿಯಾಯಿತೇ ಎಂಬುದು. ಹೊಸ ವೇಗದಲ್ಲಿ ಶುರುವಾಗಲು ಯಂತ್ರ ಒಂದೆರಡು ಸಲ ಪ್ರಯತ್ನಿಸಿ, ಆಗದಿದ್ದರೆ ಮದರ್‌ಬೋರ್ಡ್ ತಾನಾಗಿಯೇ ಹಳೆಯ ಸುರಕ್ಷಿತ ಅಂಕಿಗಳಿಗೆ ಮರಳುತ್ತದೆ. ಇದು ಒಳ್ಳೆಯ ವ್ಯವಸ್ಥೆ, ಇಲ್ಲದಿದ್ದರೆ ತಪ್ಪು ಅಂಕಿ ಬರೆದವರ ಯಂತ್ರ ಮತ್ತೆ ಏಳುತ್ತಲೇ ಇರಲಿಲ್ಲ. ಕೆಲವು ಬೋರ್ಡುಗಳು ಹೀಗಾಯಿತು ಎಂದು ಪರದೆಯಲ್ಲಿ ಒಂದು ಸಾಲು ತೋರಿಸುತ್ತವೆ, ಕೆಲವು ತೋರಿಸುವುದಿಲ್ಲ. ಶುರುವಾಗುವಾಗ ಫ್ಯಾನು ತಿರುಗಿ, ನಿಂತು, ಮತ್ತೆ ತಿರುಗಿತೇ ಎಂದು ಗಮನಿಸಿದರೆ ಸುಳಿವು ಸಿಗುತ್ತದೆ. ಪ್ರತಿ ಸಲ ಸ್ವಿಚ್ ತೆಗೆದು ಹಾಕಿದಾಗಲೂ ಬದಲಾವಣೆ ಮಾಯವಾಗುತ್ತಿದ್ದರೆ, ಜೊತೆಗೆ ಗಡಿಯಾರವೂ ಹಿಂದೆ ಹೋಗುತ್ತಿದ್ದರೆ, ಬೋರ್ಡಿನ ಮೇಲಿನ ಗುಂಡಗಿನ ಸಿಆರ್2032 ಬ್ಯಾಟರಿ ಮುಗಿದಿದೆ. ಇಡೀ ಸಮಸ್ಯೆಗೆ ಅದೇ ಅತಿ ಅಗ್ಗದ ಪರಿಹಾರ. ಬಯೋಸ್ ಬಿಟ್ಟು ವಿಂಡೋಸಿನೊಳಗೇ ತಂತ್ರಾಂಶದಿಂದ ವೇಗ ಏರಿಸುವವರಿಗೆ ಇನ್ನೊಂದು ಗಂಟು: ಯಂತ್ರ ಅಚಾನಕ್ಕಾಗಿ ನಿಂತರೆ, ಇಂಟೆಲ್ಲಿನ ಎಕ್ಸ್‌ಟಿಯುನಂಥ ತಂತ್ರಾಂಶ ಮುಂದಿನ ಸಲ ಬದಲಾವಣೆಗಳನ್ನು ಬಿಟ್ಟು ಮೂಲ ಅಂಕಿಗಳಿಗೆ ಮರಳುತ್ತದೆ.

ಮೂರನೆಯದು ಸಂದರ್ಭ. ಇದರಲ್ಲಿ ಎರಡು ಮುಖ್ಯ, ಶಾಖ ಮತ್ತು ವಿದ್ಯುತ್. ಇಂಟೆಲ್ಲಿನ ಹಲವು ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಎಎಂಡಿಯ ರೈಜೆನ್ 7000 ಸಾಲಿನವು 95 ಡಿಗ್ರಿಯಲ್ಲಿ, ತಾವೇ ವೇಗ ಇಳಿಸಿಕೊಳ್ಳುತ್ತವೆ. ಪ್ರೊಸೆಸರಿನ ಬಿಸಿಯನ್ನು ಕೂಲರ್ ಸಾಗಿಸುವುದು ಕೋಣೆಯ ಗಾಳಿಗೆ. ಕೋಣೆ 15 ಡಿಗ್ರಿ ಹೆಚ್ಚು ಬಿಸಿಯಾದರೆ, ಅದೇ ಕೆಲಸಕ್ಕೆ ಪ್ರೊಸೆಸರೂ ಸುಮಾರು ಅಷ್ಟೇ ಹೆಚ್ಚು ಬಿಸಿಯಾಗುತ್ತದೆ. ಜನವರಿಯಲ್ಲಿ ದೆಹಲಿಯ ಕೋಣೆಯಲ್ಲಿ ನಿಂತ ಓವರ್‌ಕ್ಲಾಕ್ ಮೇ ತಿಂಗಳಲ್ಲಿ ನಿಲ್ಲದಿದ್ದರೆ ಅದರಲ್ಲಿ ಪವಾಡವಿಲ್ಲ. ತಂಪು ದೇಶದಲ್ಲಿ ಕೂತವರು ಹೇಳಿದ ಅಂಕಿಯನ್ನು ಹೈದರಾಬಾದಿನಲ್ಲಿ ಹಾಗೇ ಬರೆದರೆ ಅದು ಹಿಡಿಯದಿರುವುದೂ ಇದೇ ಕಾರಣಕ್ಕೆ.

ವಿದ್ಯುತ್ತಿನ ಲೆಕ್ಕ ಇನ್ನೂ ಗುಟ್ಟಿನದು. ಇಂಟೆಲ್ ಪ್ರೊಸೆಸರಿಗೆ ಎರಡು ಮಿತಿಗಳಿರುತ್ತವೆ, ಸ್ವಲ್ಪ ಹೊತ್ತಿಗೆ ಒಂದು, ದೀರ್ಘಕಾಲಕ್ಕೆ ಇನ್ನೊಂದು. ಕೋರ್ ಐ7-10700ಗೆ ಇಂಟೆಲ್ ಸೂಚಿಸಿದ ದೀರ್ಘಕಾಲದ ಮಿತಿ 65 ವ್ಯಾಟ್, ಅಲ್ಪಕಾಲದ್ದು 224 ವ್ಯಾಟ್, ಆ ಅಲ್ಪಕಾಲದ ಲೆಕ್ಕ 28 ಸೆಕೆಂಡ್. ಅಂದರೆ ಮೊದಲ ಅರ್ಧ ನಿಮಿಷ ಯಂತ್ರ ಹೇಳಿದ ಮಾತು ಕೇಳುತ್ತದೆ, ಆಮೇಲೆ ಉಸಿರು ಬಿಡುತ್ತದೆ. ಗುಣಕ ಏರಿಸಿ ವಿದ್ಯುತ್ ಮಿತಿಯನ್ನು ಮುಟ್ಟದೆ ಬಿಟ್ಟರೆ, ಕುದುರೆಗೆ ಚಾಟಿ ಕೊಟ್ಟು ಲಗಾಮನ್ನೂ ಎಳೆದು ಹಿಡಿದಂತೆ. ಅದರ ಮೇಲೆ, ಎವಿಎಕ್ಸ್ ಎಂಬ ಭಾರವಾದ ಲೆಕ್ಕಾಚಾರದ ಆದೇಶಗಳು ಬಂದಾಗ ಗುಣಕವನ್ನು ಕೆಲವು ಮೆಟ್ಟಿಲು ಇಳಿಸುವ ಆಯ್ಕೆಯೂ ಹಲವು ಬೋರ್ಡುಗಳಲ್ಲಿದೆ. ರೈಜೆನ್ನಿನಲ್ಲಿ ಇನ್ನೊಂದು ಬಗೆ. ವೋಲ್ಟೇಜ್ ಸಾಲದೇ ಹೋದರೆ ಪ್ರೊಸೆಸರ್ ಗಡಿಯಾರದ ಮಿಡಿತವನ್ನು ಹಿಗ್ಗಿಸಿಕೊಳ್ಳುತ್ತದೆ. ಪರದೆಯಲ್ಲಿ ನೀವು ಕೇಳಿದ ವೇಗವೇ ಕಾಣುತ್ತದೆ, ಕೆಲಸ ಮಾತ್ರ ನಿಧಾನ. ಇದನ್ನು ಹಿಡಿಯಲು ಎಚ್‌ಡಬ್ಲ್ಯೂಇನ್ಫೋದಲ್ಲಿ ‘ಎಫೆಕ್ಟಿವ್ ಕ್ಲಾಕ್’ ಎಂಬ ಬೇರೆಯೇ ಸಾಲಿದೆ. ಅದಕ್ಕಿಂತ ಸರಳವಾದ ದಾರಿ, ಬದಲಾವಣೆಗೆ ಮೊದಲೂ ಆಮೇಲೂ ಸಿನೆಬೆಂಚಿನಂಥ ಒಂದೇ ಪರೀಕ್ಷೆ ಓಡಿಸಿ ಅಂಕ ಹೋಲಿಸುವುದು. ಅಂಕ ಏರದಿದ್ದರೆ ಪರದೆಯ ಗಿಗಾಹರ್ಟ್ಸನ್ನು ನಂಬಬೇಕಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಮೇಲೆ ಹೇಳಿದ ಕಾರಣಗಳನ್ನು ನಾವು ಪತ್ತೇದಾರರ ಹಾಗೆ ಹುಡುಕುತ್ತ ಕೂರಬೇಕೇ?

ಇಂಟೆಲ್ ಪ್ರೊಸೆಸರಿನೊಳಗೆ ಎಂಎಸ್ಆರ್ ಎಂಬ ಪುಟ್ಟ ಕೋಶಗಳಿವೆ. ತಂತ್ರಾಂಶವೂ ಪ್ರೊಸೆಸರೂ ಒಂದಕ್ಕೊಂದು ಚೀಟಿ ಬರೆದಿಡುವ ಜಾಗಗಳು ಎಂದುಕೊಳ್ಳಿ. ಅವುಗಳಲ್ಲಿ ಅಕ್ಕಪಕ್ಕದ ಎರಡನ್ನು ನೋಡಬೇಕು. ಹೆಕ್ಸಾಡೆಸಿಮಲ್ ಎಣಿಕೆಯ 199ನೆಯದು ‘ಪರ್ಫ್ ಕಂಟ್ರೋಲ್’. ಇಷ್ಟು ವೇಗ ಬೇಕು ಎಂದು ಅಲ್ಲಿ ಬರೆಯಬೇಕು. 198ನೆಯದು ‘ಪರ್ಫ್ ಸ್ಟೇಟಸ್’. ಈಗ ನಿಜಕ್ಕೂ ಇರುವುದನ್ನು ಅಲ್ಲಿ ಓದಬೇಕು. ಕೇಳುವ ಕೋಶ ಬೇರೆ, ಆದದ್ದನ್ನು ಹೇಳುವ ಕೋಶ ಬೇರೆ. 2015ರ ಸ್ಕೈಲೇಕ್ ಪೀಳಿಗೆಯಿಂದ ಬಂದ ಹೊಸ ವ್ಯವಸ್ಥೆಯಲ್ಲಂತೂ ಆ ಕೋಶದ ಹೆಸರಿನಲ್ಲೇ ‘ರಿಕ್ವೆಸ್ಟ್’ ಇದೆ. ಅಂದರೆ ತಯಾರಕರ ಕೈಪಿಡಿಯ ಪ್ರಕಾರವೇ ನಾವು ಕೊಡುತ್ತಿರುವುದು ಅರ್ಜಿ. ಇನ್ನೊಂದು ಕೋಶದಲ್ಲಿ ಶಾಖದ ಸ್ಥಿತಿಯಿದೆ. ಶಾಖದಿಂದ ವೇಗ ಇಳಿಸಿದೆನೇ, ವಿದ್ಯುತ್ ಮಿತಿಯಿಂದ ಇಳಿಸಿದೆನೇ ಎಂದು ಪ್ರೊಸೆಸರ್ ಅಲ್ಲಿ ಗುರುತು ಹಾಕುತ್ತದೆ. ಕಾರಣ ತೀರಿದ ಮೇಲೂ ಆ ಗುರುತು ಅಳಿಯುವುದಿಲ್ಲ, ತಂತ್ರಾಂಶ ಅಳಿಸುವವರೆಗೆ ಅಥವಾ ಯಂತ್ರ ಮತ್ತೆ ಶುರುವಾಗುವವರೆಗೆ ಇರುತ್ತದೆ.

ಅರ್ಜಿಯ ನಕಲಿದೆ, ತೀರ್ಮಾನವಿದೆ, ಕಾರಣವೂ ದಾಖಲಾಗಿದೆ. ಅಧಿಕಾರವಿಲ್ಲವೆಂದಾದರೆ ಆ ಚಿಪ್‌ಸೆಟ್ ಯಾವುದೆಂದು ಬೋರ್ಡಿಗೆ ಗೊತ್ತೇ ಇದೆ. ಆದರೂ ಅರ್ಜಿ ತೆಗೆದುಕೊಂಡ ಪರದೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಒಳ್ಳೆಯ ಬೋರ್ಡುಗಳಲ್ಲಿ ಆ ಆಯ್ಕೆಯನ್ನು ಬೂದುಬಣ್ಣ ಮಾಡಿ ಮುಟ್ಟಲಾಗದಂತೆ ಇಟ್ಟಿರುತ್ತಾರೆ. ಅದೂ ಕಾರಣ ಹೇಳುವುದಿಲ್ಲ, ಆದರೆ ಬಾಗಿಲು ಮುಚ್ಚಿದೆ ಎಂದಾದರೂ ತಿಳಿಯುತ್ತದೆ. ಕೆಲವದರಲ್ಲಿ ಅಂಕಿ ಬರೆಯಲು ಬಿಡುತ್ತಾರೆ, ಉಳಿಸಿಯೂ ಇಡುತ್ತಾರೆ, ಫಲ ಮಾತ್ರ ಇಲ್ಲ.

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ‘ಹಿಂಬರಹ’ ಎಂಬ ಒಂದು ಕಾಗದವಿದೆ. ಹೊರನಾಡಿನಲ್ಲಿ ಬೆಳೆದವರಿಗೆ ಆ ಪದ ಹೊಸದಿರಬಹುದು. ನೀವು ಕೊಟ್ಟ ಅರ್ಜಿಯನ್ನು ಪುರಸ್ಕರಿಸಲು ಬರುವುದಿಲ್ಲ, ಕಾರಣ ಇಂಥದು ಎಂದು ಕಚೇರಿ ಬರೆದುಕೊಡುವ ಉತ್ತರವದು. ಅದು ಕೈಗೆ ಬಂದಾಗ ಯಾರಿಗೂ ಸಂತೋಷವಾಗುವುದಿಲ್ಲ. ಆದರೆ ಅದರ ಬೆಲೆ ಗೊತ್ತಾಗುವುದು ಅದು ಸಿಗದಿದ್ದಾಗ. ಟಪಾಲಿನಲ್ಲಿ ಸೀಲು ಬಿದ್ದ ಸ್ವೀಕೃತಿ ಕೈಯಲ್ಲಿರುತ್ತದೆ, ತಿಂಗಳುಗಟ್ಟಲೆ ಏನೂ ಆಗುವುದಿಲ್ಲ, ಯಾರನ್ನು ಕೇಳಬೇಕೆಂದೂ ತಿಳಿಯುವುದಿಲ್ಲ. ಹಿಂಬರಹವಿದ್ದರೆ ಮುಂದಿನ ಹೆಜ್ಜೆ ಇಡಬಹುದು, ಕೊರತೆ ಸರಿಪಡಿಸಬಹುದು, ಮೇಲ್ಮನವಿ ಹಾಕಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 7(8) ಇದನ್ನೇ ಇಡೀ ದೇಶಕ್ಕೆ ಬರೆದಿಟ್ಟಿದೆ: ಮಾಹಿತಿ ಕೊಡಲು ನಿರಾಕರಿಸಿದರೆ ಕಾರಣ ಹೇಳಬೇಕು, ಎಷ್ಟು ದಿನದೊಳಗೆ ಯಾರಿಗೆ ಮೇಲ್ಮನವಿ ಸಲ್ಲಿಸಬಹುದೆಂದೂ ತಿಳಿಸಬೇಕು. ಧೂಳು ಹಿಡಿದ ಕಚೇರಿಯಿಂದ ನಾವು ಇಷ್ಟನ್ನು ಕೇಳುತ್ತೇವೆ. ದುಡ್ಡು ಕೊಟ್ಟು ಮನೆಗೆ ತಂದ ಯಂತ್ರದಿಂದ ಕೇಳುವುದಿಲ್ಲ.

ತಯಾರಕರ ಕಡೆಯ ಮಾತನ್ನೂ ಕೇಳಬೇಕು. ಬೀಗ ಹಾಕಿದ್ದೆಲ್ಲ ದುರಾಸೆಯಿಂದಲ್ಲ. 90ರ ದಶಕದಲ್ಲಿ ಕಡಿಮೆ ವೇಗದ ಪ್ರೊಸೆಸರುಗಳ ಮೇಲಿನ ಗುರುತು ಅಳಿಸಿ ಹೆಚ್ಚಿನ ವೇಗದ್ದೆಂದು ಮಾರುವ ವಂಚನೆ ನಡೆಯುತ್ತಿತ್ತು. ಗುಣಕಕ್ಕೆ ಬೀಗ ಹಾಕಲು ಅದೂ ಒಂದು ಕಾರಣ. ಬೀಗ ಹಾಕಿದ ಮೇಲೂ ಜನ ದಾರಿ ಹುಡುಕಿದರು. 1998ರ ಸೆಲೆರಾನ್ 300ಎ ಪ್ರೊಸೆಸರಿನ ಗುಣಕ 4.5ರಲ್ಲಿ ಬಂದಿಯಾಗಿತ್ತು. ಆದರೆ 66 ಮೆಗಾಹರ್ಟ್ಸಿನ ಮೂಲ ಗಡಿಯಾರವನ್ನೇ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸಿನ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು. ಆ ಕಾಲದ ಕತೆಗಳನ್ನು ಕೇಳಿ ಇಂದು ಅದೇ ಲಾಭ ಸಿಗುತ್ತದೆ ಎಂದುಕೊಳ್ಳಬಾರದು. ಈಗ ತಯಾರಕರೇ ಟರ್ಬೋ ಹೆಸರಿನಲ್ಲಿ ಬಹುತೇಕ ಎಲ್ಲವನ್ನೂ ಹಿಂಡಿ ಕೊಡುತ್ತಾರೆ. 12600ಕೆಯ ಮೂಲ ವೇಗ 3.7 ಗಿಗಾಹರ್ಟ್ಸ್, ಅದು ತಾನಾಗಿಯೇ 4.9ರವರೆಗೆ ಏರುತ್ತದೆ. ಅದರ ಮೇಲೆ ನಮ್ಮ ಕೈಗೆ ಉಳಿಯುವುದು ಚೂರುಪಾರು.

ಭದ್ರತೆಯ ಕಾರಣವೂ ಉಂಟು. 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಟ್ಸ್ ಮತ್ತು ಲ್ಯೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ‘ಪ್ಲಂಡರ್‌ವೋಲ್ಟ್’ ಎಂಬ ದಾಳಿಯನ್ನು ಪ್ರಕಟಿಸಿದರು. ಪ್ರೊಸೆಸರಿನ ವೋಲ್ಟೇಜನ್ನು ತಂತ್ರಾಂಶದಿಂದ ಬೇಕೆಂತಲೇ ಇಳಿಸಿ, ಲೆಕ್ಕ ತಪ್ಪುವಂತೆ ಮಾಡಿ, ಗುಟ್ಟಾಗಿರಬೇಕಾದ ಮಾಹಿತಿ ಕದಿಯಬಹುದೆಂದು ತೋರಿಸಿಕೊಟ್ಟರು. ಅದಕ್ಕೆ ಮದ್ದಾಗಿ ಬಂದ ಬಯೋಸ್ ಅಪ್‌ಡೇಟುಗಳು ವೋಲ್ಟೇಜ್ ಬದಲಾಯಿಸುವ ದಾರಿಯನ್ನೇ ಮುಚ್ಚಿದವು. ಲ್ಯಾಪ್‌ಟಾಪ್ ತಂಪಾಗಿರಲೆಂದು ವೋಲ್ಟೇಜ್ ಇಳಿಸಿಕೊಂಡಿದ್ದ ಅನೇಕರಿಗೆ ಒಂದು ಬೆಳಿಗ್ಗೆ ಆ ಸೆಟ್ಟಿಂಗ್ ಕೆಲಸ ಮಾಡುವುದು ನಿಂತಿತು. ಕಾರಣ ಸರಿಯಾದದ್ದೇ. ಆದರೆ ವೋಲ್ಟೇಜಿನ ಆ ಸಾಲು ಬೂದುಬಣ್ಣಕ್ಕೆ ತಿರುಗಿತ್ತು, ಪಕ್ಕದಲ್ಲಿ ಕಾರಣ ಬರೆದಿರಲಿಲ್ಲ.

ಇನ್ನೊಂದು ಪ್ರಕರಣದಲ್ಲಿ ಭದ್ರತೆಯ ಮಾತಿಲ್ಲ. 2015ರ ಕೊನೆಗೆ ಕೆಲವು ಮದರ್‌ಬೋರ್ಡ್ ಕಂಪನಿಗಳು ‘ಕೆ’ ಇಲ್ಲದ ಸ್ಕೈಲೇಕ್ ಪ್ರೊಸೆಸರುಗಳನ್ನೂ ಮೂಲ ಗಡಿಯಾರದ ಮೂಲಕ ಓವರ್‌ಕ್ಲಾಕ್ ಮಾಡಲು ಬರುವಂಥ ಬಯೋಸ್ ಬಿಟ್ಟವು. 2016ರ ಆರಂಭದಲ್ಲೇ ಇಂಟೆಲ್ಲಿನ ಹೊಸ ಮೈಕ್ರೋಕೋಡ್ ಸೇರಿದ ಅಪ್‌ಡೇಟುಗಳು ಬಂದು ಆ ದಾರಿ ಮುಚ್ಚಿತು. ಅಪ್‌ಡೇಟ್ ಹಾಕಿಕೊಂಡವರ ಯಂತ್ರದಲ್ಲಿ ನಿನ್ನೆ ಇದ್ದ ವೇಗ ಇಂದು ಇಲ್ಲ. ಕೊಟ್ಟದ್ದನ್ನು ವಾಪಸು ಪಡೆಯುವ ಹಕ್ಕು ಅವರಿಗಿತ್ತೇ ಎಂಬ ಚರ್ಚೆ ಬೇರೆ. ನಮ್ಮ ಮಾತಿಗೆ ಮುಖ್ಯವಾದದ್ದು ಇಷ್ಟು: ಓವರ್‌ಕ್ಲಾಕ್ ಹಿಡಿಯುತ್ತಿಲ್ಲ ಎಂದಾಗ ನಾವು ನಮ್ಮ ಕೈಯನ್ನೇ ಅನುಮಾನಿಸುತ್ತೇವೆ. ನೆಲವೇ ಸರಿದಿರಬಹುದು ಎಂದು ಹೊಳೆಯುವುದಿಲ್ಲ. ಆದ್ದರಿಂದ ಮೊದಲು ಆಗುತ್ತಿದ್ದದ್ದು ಈಗ ಆಗದಿದ್ದರೆ, ಕೊನೆಯ ಬಯೋಸ್ ಅಪ್‌ಡೇಟ್ ಯಾವಾಗ ಆಯಿತೆಂದು ನೋಡುವುದನ್ನು ಹುಡುಕಾಟದ ಪಟ್ಟಿಗೆ ಸೇರಿಸಿಕೊಳ್ಳಿ.

ಹೇಳಿ ಮಾಡಿದರೆ ಹೇಗಿರುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2022ರಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಪ್ರೊಸೆಸರಿನ ಗುಣಕ ಬದಲಾಯಿಸಲು ಬರುವುದಿಲ್ಲ ಎಂದು ಎಎಂಡಿ ಮಾರಾಟಕ್ಕೆ ಮೊದಲೇ ತಿಳಿಸಿತ್ತು. ಮೇಲೊಂದು ಪದರವಾಗಿ ಕೂರಿಸಿದ ಕ್ಯಾಷ್ ಮೆಮೊರಿ ಹೆಚ್ಚಿನ ವೋಲ್ಟೇಜ್ ತಡೆಯದು ಎಂಬ ಕಾರಣವನ್ನೂ ಹೇಳಿತ್ತು. ಕೊಂಡವರು ತಿಳಿದೇ ಕೊಂಡರು. ‘ಇಲ್ಲ’ ಎಂಬ ಉತ್ತರ ಯಾರನ್ನೂ ಅವಮಾನಿಸಲಿಲ್ಲ.

ನಾನು ಓವರ್‌ಕ್ಲಾಕ್ ಮಾಡುವವಳಲ್ಲ, ಇದೆಲ್ಲ ಆಟದ ಹುಡುಗರ ಗೀಳು, ನನಗೇಕೆ ಎನ್ನುವವರಿದ್ದಾರೆ. ಅವರಿಗೆ ಒಂದು ಮಾತು: ನಿಮ್ಮ ಮನೆಯ ಯಂತ್ರದ ರ‍್ಯಾಮ್ ವೇಗವನ್ನು ಒಮ್ಮೆ ನೋಡಿ. 3200 ಎಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದು ಮಾರುವ ಹಲವು ಡಿಡಿಆರ್4 ರ‍್ಯಾಮುಗಳು, ಬಯೋಸಿನಲ್ಲಿ ಎಕ್ಸ್ಎಂಪಿ ಎಂಬ ಆಯ್ಕೆಯನ್ನು ಹಚ್ಚುವವರೆಗೆ 2133, 2400 ಅಥವಾ 2666ರಲ್ಲೇ ಓಡುತ್ತವೆ. ಅಂಗಡಿಯವರು ಜೋಡಿಸಿ ಕೊಟ್ಟು, ವಿಂಡೋಸ್ ಹಾಕಿ, ಆಯ್ತು ಎಂದಿರುತ್ತಾರೆ. ದುಡ್ಡು ಕೊಟ್ಟದ್ದು 3200ಕ್ಕೆ, ವರ್ಷಗಟ್ಟಲೆ ಸಿಕ್ಕಿದ್ದು 2133. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ‘ಸ್ಪೀಡ್’ ಎಂಬ ಸಾಲು ನೋಡಿದರೆ ತಿಳಿಯುತ್ತದೆ. ಸಿಪಿಯು-ಝಡ್‌ನಲ್ಲಿ 1600 ಎಂದು ಕಂಡರೆ ಗಾಬರಿಯಾಗಬೇಡಿ. ಈ ಬಗೆಯ ರ‍್ಯಾಮ್ ಒಂದು ಮಿಡಿತಕ್ಕೆ ಎರಡು ಸಲ ಕೆಲಸ ಮಾಡುವುದರಿಂದ ಅದರ ಎರಡರಷ್ಟೇ ಲೆಕ್ಕ. ಲ್ಯಾಪ್‌ಟಾಪಿನದೂ ಇದೇ ಕತೆ. ಕೆಲವು ಲ್ಯಾಪ್‌ಟಾಪುಗಳು ಚಾರ್ಜರ್ ತಮ್ಮದೆಂದು ಗುರುತು ಸಿಗದಿದ್ದರೆ ಪ್ರೊಸೆಸರಿನ ವೇಗವನ್ನು ತೀರಾ ಕೆಳಗೆ ಇಳಿಸಿಬಿಡುತ್ತವೆ. ಮಗಳ ಆನ್‌ಲೈನ್ ಪರೀಕ್ಷೆಯ ದಿನ ಯಂತ್ರ ತೆವಳಿದರೆ, ವೈರಸ್ ಬಂದಿದೆ, ಹಳೆಯದಾಯಿತು, ಹೊಸದು ಕೊಳ್ಳಿ ಎನ್ನುವ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ಆ ಚಾರ್ಜರ್ ಬೇಡ ಎಂದು ಯಂತ್ರ ಒಂದು ಸಾಲು ಹೇಳಿದ್ದರೆ ಸಾಕಿತ್ತು.

ಇದರಲ್ಲಿ ನನ್ನಂಥ ಅನುವಾದಕರ ಪಾಲೂ ಒಂದಿಷ್ಟಿದೆ. ತಂತ್ರಾಂಶಗಳ ಸಂದೇಶಗಳು ಕನ್ನಡಕ್ಕೆ ಬಂದಾಗ ‘ಉಳಿಸಲಾಗಿದೆ’, ‘ಅನ್ವಯಿಸಲಾಗಿದೆ’, ‘ನವೀಕರಿಸಲಾಗಿದೆ’ ಎಂದಾಗುತ್ತವೆ. ‘ಲಾಗಿದೆ’ ಎಂಬ ಈ ಬಾಲ ಸರ್ಕಾರಿ ಪತ್ರಗಳ ‘ಕ್ರಮ ಕೈಗೊಳ್ಳಲಾಗಿದೆ’ಯ ಸೋದರ. ಮಾಡಿದವರು ಯಾರೆಂದು ಅದರಲ್ಲಿಲ್ಲ, ಆಯಿತೋ ಇಲ್ಲವೋ ಎಂಬುದೂ ನಿಜಕ್ಕೂ ಇಲ್ಲ, ಕಡತದಲ್ಲಿ ಬರೆದಾಯಿತು ಎಂಬುದಷ್ಟೇ ಇದೆ. ಬಯೋಸಿನ ಅಂಕಿ ಬರೀ ಉಳಿದಿರುವಾಗ ‘ಬರೆದುಕೊಂಡಿದ್ದೇನೆ, ಆದೀತೇ ಎಂದು ಮುಂದಿನ ಸಲ ಶುರುವಾದಾಗ ತಿಳಿಯುತ್ತದೆ’ ಎನ್ನುವುದೇ ಪ್ರಾಮಾಣಿಕ ಕನ್ನಡ. ಅಷ್ಟುದ್ದ ಬರೆಯಲು ಪರದೆಯಲ್ಲಿ ಜಾಗ ಕೊಡುವುದಿಲ್ಲ ಎಂಬುದು ನಿಜ. ಆದರೆ ಇಂಗ್ಲಿಷಿನ ಮೂಲದಲ್ಲೇ ಆ ಪ್ರಾಮಾಣಿಕತೆ ಇಲ್ಲದಿದ್ದರೆ ಅನುವಾದದಲ್ಲಿ ಎಲ್ಲಿಂದ ತರುವುದು?

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಬೀಗ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಬಯೋಸಿನ ಮೊದಲ ಪುಟದಲ್ಲೋ ವಿಂಡೋಸಿನ ಒಂದು ಮೂಲೆಯಲ್ಲೋ ಮೂರು ಸಾಲು ಇರಲಿ. ಕೇಳಿದ್ದು 50. ಸಿಕ್ಕಿದ್ದು 49. ಕಾರಣ: ಈ ಚಿಪ್‌ಸೆಟ್ಟಿಗೆ ಅನುಮತಿಯಿಲ್ಲ, ಅಥವಾ ಶಾಖ ಮಿತಿ ಮೀರಿತು, ಅಥವಾ ಶುರುವಾಗಲು ಎರಡು ಸಲ ಸೋತು ಹಳೆಯದಕ್ಕೆ ಮರಳಿದೆ. ಬೇಕಾದ ಮಾಹಿತಿಯ ಬಹುಭಾಗ ಪ್ರೊಸೆಸರಿನಲ್ಲಿ ಈಗಲೇ ಇದೆ. ಅದನ್ನು ಓದಿ ತೋರಿಸುವ ಕೆಲಸವನ್ನು ಎಚ್‌ಡಬ್ಲ್ಯೂಇನ್ಫೋದಂಥ ಪುಕ್ಕಟೆ ತಂತ್ರಾಂಶಗಳು ಮಾಡುತ್ತಲೂ ಇವೆ. ಮಾಡದೆ ಇರುವವರು ಯಂತ್ರ ಮಾರಿದವರು.

ಅದು ಬರುವವರೆಗೆ ಹುಡುಕಾಟ ನಮ್ಮ ಪಾಲಿಗೇ ಇರುತ್ತದೆ, ಕ್ರಮ ಇಷ್ಟೇ. ಅಂಕಿ ಎಲ್ಲಿಂದ ಬಂತೆಂದು ನೋಡಿ. ಕೆಲಸ ಕೊಟ್ಟು ಅಳೆಯಿರಿ. ಪ್ರೊಸೆಸರ್, ಬೋರ್ಡ್ ಎರಡಕ್ಕೂ ಅನುಮತಿ ಇದೆಯೇ ನೋಡಿ. ಯಂತ್ರ ಸೋತು ಹಳೆಯದಕ್ಕೆ ಮರಳಿತೇ ನೋಡಿ. ಶಾಖ, ವಿದ್ಯುತ್ ಮಿತಿ ನೋಡಿ. ಕೊನೆಯ ಅಪ್‌ಡೇಟಿನ ತಾರೀಕು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಕಾಗದದ ಮೇಲೆ ಬರೆದಿಡಿ. ಮುಂದಿನ ಸಲ ಮದರ್‌ಬೋರ್ಡ್ ಕೊಳ್ಳುವಾಗ, ಹೊಂದಿಕೆಯಾಗುತ್ತದಾ ಎಂದು ಕೇಳಿ ಸುಮ್ಮನಾಗಬೇಡಿ. ಏನೇನು ಆಗುವುದಿಲ್ಲ ಎಂದೂ ಕೇಳಿ. ಅಂಗಡಿಯವರು ಉತ್ತರಿಸಲು ತಡವರಿಸಿದರೆ, ಉತ್ತರ ಸಿಗುವವರೆಗೆ ದುಡ್ಡು ಜೇಬಿನಲ್ಲೇ ಇರಲಿ.